ಕೊಡದ ಹೆಲ್ಮೆಟ್

ಡೇರಿಯಸ್,

ಇಂದಿನ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಕೋಲ್ಟನ್‌ನ ತಲೆಗೆ ಜೋರು ಪೆಟ್ಟು ಬಿತ್ತು. ಅವನು ಮತ್ತೆ ಮೈದಾನಕ್ಕೆ ನುಗ್ಗದಿರಲೆಂದು ತಂಡದ ಡಾಕ್ಟರಮ್ಮ ಎಂದಿನಂತೆ ಅವನ ಹೆಲ್ಮೆಟ್ ಕಿತ್ತಿಟ್ಟುಕೊಂಡರು. ಅವರು ಅತ್ತ ತಿರುಗಿದ್ದೇ ತಡ, ಅವನು ನನ್ನ ತೋಳು ಹಿಡಿದ.

"ನಿಂದು ಕೊಡೋ. ಒಂದೇ ಸಲ ಹೋಗಿ ಬರ್ತೀನಿ."

ಕೋಚ್ ಕಂಡೂ ಕಾಣದಂತಿದ್ದರು. ನಾನು ಕೊಡಲಿಲ್ಲ.

"ಥೂ, ನೀನೊಬ್ಬ ದೋಸ್ತಾ!" ಎಂದ.

ಪಂದ್ಯ ಸೋತೆವು. ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ನಿನ್ನ ಸಾವಿನ ಕೇಸಿನಲ್ಲಿ ಸೋಮವಾರ ನನ್ನ ಸಾಕ್ಷಿ. "ತಲೆಗೆ ಪೆಟ್ಟು ಬಿದ್ಮೇಲೂ ಡೇರಿಯಸ್ ಮತ್ತೆ ಹೇಗೆ ಆಡಕ್ಕೆ ಹೋದ ಅಂತ ಕೇಳಿದ್ರೆ, ನೆನಪಿಲ್ಲ ಅಂದ್ಬಿಡಪ್ಪ," ಎಂದು ಕಾಲೇಜಿನ ವಕೀಲರು ಹೇಳಿಕೊಟ್ಟಿದ್ದಾರೆ.

ನೆನಪಿದೆ. "ದೋಸ್ತ್ ಅಂದ್ರೆ ನೀನು ಕಣೋ," ಎಂದು ಬೆನ್ನು ತಟ್ಟಿ, ನಾನು ಕೊಟ್ಟ ಹೆಲ್ಮೆಟ್ ಹಾಕಿಕೊಂಡು, ನೀನು ನಗುತ್ತಾ ಮೈದಾನಕ್ಕೆ ಓಡಿದೆ.