ಬಾನೆಟ್ ಮೇಲಿನ ಅಂಗೈ

೧೩-೧೧-೨೦೦೫, ಭಾನುವಾರ. ನೆಮ್ಮಾರ್.

"ಇವರು ನಿಮ್ಮ ಜೊತೆಯವರಾ?" ಅಂತ ಗಾರ್ಡ್ ಕೇಳಿದಾಗ ನಾನು ಇಲ್ಲ ಅಂದೆ. ಅದೊಂದೇ ಮಾತು ಕೊರೆಯುತ್ತಿದೆ.

ಶಾಲೆ ಬಿಟ್ಟು, ಗೋಡೆ ತುಂಬ ರೇಸ್ ಕಾರುಗಳ ಚಿತ್ರ ಅಂಟಿಸಿಕೊಂಡವನು ನಾನು. ಎಸ್ಟೇಟಿನ ಜೀಪು ಓಡಿಸುವ ಅಪ್ಪನೇ ಘಟ್ಟದ ಕೆಳಗಿನ ಕಾರು ಮ್ಯೂಸಿಯಂ ತೋರಿಸಲು ಕರೆದುಕೊಂಡು ಹೋದ. ಕೆಂಪು ರೇಸ್ ಕಾರಿನ ಮುಂದೆ ನಾನು ಮೈಮರೆತು ನಿಂತಿದ್ದೆ. ಅಪ್ಪ ಹಗ್ಗ ದಾಟಿ ಅದರ ಬಾನೆಟ್ ಮೇಲೆ ಅಂಗೈ ಇಟ್ಟ. ಘಾಟಿ ಹತ್ತಿದ ಜೀಪಿನ ಕಾವು ಅವನು ನೋಡುವುದೂ ಹಾಗೆಯೇ.

"ಪಾಪ, ಓಡದೆ ಪೂರಾ ತಣ್ಣಗಾಗಿದೆ" ಅಂದ.

ಗಾರ್ಡ್ ಬೈಯುತ್ತ ಓಡಿ ಬಂದ. ಆಗಲೇ ನಾನು ಇಲ್ಲ ಅಂದಿದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಮೆಲ್ಲಗೆ ಕೇಳಿದ: "ಆ ಇಂಗ್ಲಿಷ್ ಬೋರ್ಡಲ್ಲಿ ಎಂತ ಬರೆದಿತ್ತು ಮಾರಾಯ? ಎಷ್ಟು ಓಡ್ತದಂತೆ?"

"ಗಂಟೆಗೆ ಇನ್ನೂರೈವತ್ತು."

"ನಮ್ಮ ಘಾಟಿ ತಿರುವಲ್ಲಿ ಓಡಿಸ್ಲಿ, ನೋಡುವ!"

ನಕ್ಕು, ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ. ಅಂಗೈ ನನ್ನ ಮೊಣಕಾಲ ಮೇಲಿತ್ತು, ಬೆಚ್ಚಗೆ.

ನಾನು ಇಲ್ಲ ಅಂದಿದ್ದು ಅವನಿಗೆ ಕೇಳಿಸಿದೆ. ಆಗ ತಿರುಗಿ ನೋಡಿದ್ದ. ಪಕ್ಕದ ಕೋಣೆಯಲ್ಲಿ ಇನ್ನೂ ಕೆಮ್ಮುತ್ತಿದ್ದಾನೆ, ಎಚ್ಚರ ಇದ್ದಾನೆ. ತಪ್ಪಾಯ್ತು ಅಂತ ನಾಳೆ ಹೇಳುತ್ತೇನೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಈಗಲೇ ಎದ್ದು ಹೋಗಿ—