ಬೆಸುಗೆ ಹಿಡಿದಿದೆ

ಗುರುವಾರ, ಮಧ್ಯಾಹ್ನ
ಆಸ್ಪತ್ರೆ, ಕಿಟಕಿ ಪಕ್ಕದ ಹಾಸಿಗೆ

ನನ್ನ ಅಮ್ಮನಿಗೆ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಫೋನಿನಲ್ಲಿ ನಿನ್ನ ಕಿವಿಗೆ ಮುಟ್ಟುವಂತೆ ಹೇಳಬೇಕಾದರೆ ಇಡೀ ವಾರ್ಡಿಗೇ ಸಾರಿದಂತಾಗುತ್ತದೆ. ಅದಕ್ಕೇ ಈ ಕಾಗದ. ಊಟ ಪರವಾಗಿಲ್ಲ. ಪಕ್ಕದ ಹಾಸಿಗೆಯಾಕೆ ಗೊರಕೆ ಹೊಡೆಯುತ್ತಾಳೆ, ಅಪ್ಪನ ನೆನಪಾಗುತ್ತದೆ.

ಲೇಸರ್ ಅಂದರೇನು, ಹೊಟ್ಟೆ ಕೊಯ್ಯುತ್ತಾರಾ ಎಂದು ಕೇಳಿದ್ದೆಯಲ್ಲ. ಕೊಯ್ಯಲಿಲ್ಲ. ಹೊಟ್ಟೆಯೊಳಗಿನ ಇಬ್ಬರು ಮಕ್ಕಳಿಗೂ ಇರುವುದು ಒಂದೇ ಮಾಸು. ಅದರೊಳಗೆ ಒಬ್ಬನ ರಕ್ತನಾಳ ಇನ್ನೊಬ್ಬನದಕ್ಕೆ ಸೇರಿಕೊಂಡಿತ್ತು. ಒಬ್ಬನಿಗೆ ರಕ್ತ ಹರಿದು ಹರಿದು ಅವನ ಸುತ್ತ ನೀರು ತುಂಬಿತು. ಇನ್ನೊಬ್ಬ ಬತ್ತಿ ಎಡಗಡೆ ಅಂಟಿಕೊಂಡುಬಿಟ್ಟ. ಗಂಡೋ ಹೆಣ್ಣೋ ತಿಳಿಯುವ ಮೊದಲೇ ನಿನ್ನ ಅಳಿಯ ಹೆಸರಿಟ್ಟರು, ಗುಂಡ ಮತ್ತು ಕಡ್ಡಿ ಅಂತ. ಡಾಕ್ಟರಮ್ಮ ವಿವರಿಸುತ್ತಿದ್ದರೆ ಇವರು, ಒಂದು ನಲ್ಲಿ ಉಕ್ಕುತ್ತಿದೆ, ಇನ್ನೊಂದು ಒಣಗಿದೆ, ನಡುವಿನ ಜಾಯಿಂಟ್ ಮುಚ್ಚಬೇಕು ಅಷ್ಟೇ ತಾನೆ ಎಂದರು. ಆಕೆ ನಕ್ಕು, ಹಾಗಾದರೆ ನೀವೇ ಬಂದು ಮುಚ್ಚಿಕೊಡಿ ಎಂದರು. ನೀನು ನಿನ್ನ ಪ್ಲಂಬರ್ ಅಳಿಯನನ್ನು ನಲ್ಲಿ ಡಾಕ್ಟರು ಎಂದು ಗೇಲಿ ಮಾಡುತ್ತಿದ್ದದ್ದು ನಿಜವಾಯಿತು ನೋಡು.

ಸಣ್ಣ ಕೊಳವೆ ತೂರಿಸಿ, ಬೆಳಕಿನಿಂದ ಸುಟ್ಟು ಆ ನಾಳಗಳನ್ನು ಮುಚ್ಚಿದರು. ಅಂದಿನಿಂದ ಇವರು ಬಂದಾಗಲೆಲ್ಲ ನನ್ನ ಎಡಹೊಟ್ಟೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂರುತ್ತಾರೆ. ಪೈಪು ಬೆಸೆದ ಮೇಲೂ ಹಾಗೇ ಅಲ್ಲವೇ, ಬೆಸುಗೆ ಹಿಡಿಯುವವರೆಗೆ ಕೈಯಿಟ್ಟು ಕಾಯದೆ ಜಾಗ ಬಿಟ್ಟು ಏಳುವವರಲ್ಲ. ಕಡ್ಡಿ ಇನ್ನು ಮೈ ಹಿಡಿಯುತ್ತಾನೆ ನೋಡಿ ಎಂದು ನರ್ಸುಗಳಿಗೆಲ್ಲ ಹೇಳಿಕೊಂಡು ಓಡಾಡಿದರು.

ಅಮ್ಮಾ, ಕಡ್ಡಿ ಇಲ್ಲ.

ಮಂಗಳವಾರದ ಸ್ಕ್ಯಾನಿನಲ್ಲಿ ಅವನ ಎದೆ ಮಿಡಿಯಲಿಲ್ಲ. ಇವರು ಯಾರದೋ ಮನೆಯ ಒಡೆದ ಪೈಪಿಗೆ ಹೋಗಿದ್ದರು. ನಾನೇ ಹೇಳುತ್ತೇನೆ ಎಂದು ಡಾಕ್ಟರಮ್ಮನಿಗೆ ಮಾತು ಕೊಟ್ಟೆ. ಕೊಟ್ಟವಳು ಇನ್ನೂ ಬಾಯಿ ಬಿಟ್ಟಿಲ್ಲ. ಸಂಜೆ ಇವರು ಎಡಗಡೆ ಕೈಯಿಟ್ಟರೆ ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತೇನೆ.

ಮುಚ್ಚಿಸಿದ್ದೇ ತಪ್ಪಾಯಿತಾ ಎಂದು ಡಾಕ್ಟರಮ್ಮನನ್ನು ಕೇಳಿದೆ. ನನ್ನ ಕಾಲ ಬಳಿ ಕೂತು ಹೇಳಿದರು. ಕಡ್ಡಿಯ ಪಾಲಿಗೆ ಬಂದ ಮಾಸು ತೀರ ಚಿಕ್ಕದಿತ್ತಂತೆ. ಮುಚ್ಚಿರದಿದ್ದರೆ ಅವನು ಹೋಗುವಾಗ ಗುಂಡನ ರಕ್ತವೂ ಅತ್ತ ಹರಿದುಬಿಡುತ್ತಿತ್ತಂತೆ. ನಿಮ್ಮವರ ಭಾಷೆಯಲ್ಲಿ ಹೇಳಬೇಕೆಂದರೆ ಬೆಸುಗೆ ಹಿಡಿದಿದೆ, ಅದಕ್ಕೇ ಗುಂಡ ಇದ್ದಾನೆ ಎಂದರು. ಹೆರಿಗೆಯವರೆಗೆ ಇಬ್ಬರೂ ಒಟ್ಟಿಗೇ ಇರುತ್ತಾರೆ. ಒಬ್ಬ ಒದೆಯುತ್ತಾ, ಒಬ್ಬ ಸುಮ್ಮನೆ.

ಇನ್ನೊಂದು ವಿಷಯ. ಕೊಳವೆ ತೂರಿಸಿದ ಕಡೆ ಪೊರೆಯಿಂದ ನೀರು ಸೋರುತ್ತಿದೆ. ಸ್ವಲ್ಪವೇ. ತಾನಾಗಿ ನಿಂತರೆ ಸರಿ, ಹೆಚ್ಚಾದರೆ ಉಸಿರಾಡಲು ಬರುವ ಮುನ್ನವೇ ಗುಂಡ ಹುಟ್ಟಿಬಿಡುತ್ತಾನೆ. ಅದಕ್ಕೇ ಮಿಸುಕದೆ ಮಲಗಿದ್ದೇನೆ. ಅತ್ತರೆ ಹೊಟ್ಟೆ ಕುಲುಕುತ್ತದೆಂದು ಅಳುವನ್ನೂ ನುಂಗಿಕೊಂಡಿದ್ದೇನೆ.

ನೀನು ಬಾ. ಬಂದು ಇವರನ್ನು ಹೊರಗೆ ಕರೆದುಕೊಂಡು ಹೋಗಿ ನೀನೇ ಹೇಳು. ನಿನ್ನ ಮಾತಾದರೆ ಕೂತು ಕೇಳುತ್ತಾರೆ.

ನಿನ್ನ ದಾರಿ ಕಾಯುತ್ತಿರುವ
ಮಗಳು

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಇವರು ಬಂದರು. ಕೈ ತೊಳೆದು ಒರೆಸಿಕೊಂಡು, ಎಡಗಡೆ ಇದ್ದ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಬಲಗಡೆಗೆ ಹಾಕಿಕೊಂಡರು. ಅಂಗೈಯನ್ನು ಗುಂಡನ ಮೇಲಿಟ್ಟರು. ಹೇಗೋ ಇವರಿಗೆ ಗೊತ್ತಾಗಿದೆ. ಹೇಳುವ ಕೆಲಸ ಇನ್ನಿಲ್ಲ ಅಮ್ಮಾ. ಆದರೂ ಬಾ.