ಗೀರು ಬಿದ್ದ ಳ

ಹನುಮಂತನಗರ
೧೪ ಜುಲೈ ೨೦೨೪

ಪ್ರೀತಿಯ ಪ್ರಮೋದ್,

'ಪ್ರೀತಿಯ' ಎಂದು ಅಭ್ಯಾಸದಿಂದ ಬರೆದುಬಿಟ್ಟೆ. ಪೆನ್ನಿನಲ್ಲಿ ಬರೆದದ್ದು, ಇರಲಿ ಬಿಡು. ಚೆನ್ನಾಗಿದ್ದೀಯಾ? ನಿನ್ನ ಫೋನುಗಳನ್ನು ಎತ್ತದೆ, ಮೆಸೇಜುಗಳಿಗೆ ಉತ್ತರ ಕೊಡದೆ ಇಷ್ಟು ದಿನ ಸತಾಯಿಸಿದ್ದಕ್ಕೆ ಕ್ಷಮಿಸು. ಬಾಯಿ ತೆರೆದರೆ ಬೈಗುಳವೇ ಬರುತ್ತಿತ್ತು. ಕಾಗದದಲ್ಲಾದರೆ ನಿಧಾನವಾಗಿ ಬೈಯಬಹುದು.

ಅಪ್ಪ ಆರಾಮವಾಗಿದ್ದಾರೆ. ಬೆಳಿಗ್ಗೆ ಗುಡ್ಡದ ದೇವಸ್ಥಾನದವರೆಗೆ ನಡೆದು, ಒಳಗೆ ಹೋಗದೆ, ಮೆಟ್ಟಿಲ ಮೇಲೆ ಕೂತು ಪೇಪರ್ ಓದಿ ಬರುತ್ತಾರೆ. ಅಡುಗೆಯೂ ಅವರದೇ. ಅಮ್ಮ ಹೋಗಿ ನಾಲ್ಕು ತಿಂಗಳಾದರೂ ಸಾರಿಗೆ ಮೂರು ಜನರ ಉಪ್ಪು ಹಾಕುತ್ತಾರೆ. ಇಬ್ಬರೂ ಅದನ್ನೇ ಉಣ್ಣುತ್ತೇವೆ. ನೀನು ಯಾಕೆ ಭಾನುವಾರ ಬರುತ್ತಿಲ್ಲ ಎಂದು ಕೇಳಿದರು. ಕೆಲಸ ಜಾಸ್ತಿಯಂತೆ ಎಂದೆ. ಸುಳ್ಳೇನಲ್ಲವಲ್ಲ.

ಜೆ.ಪಿ. ನಗರದ ಆಫೀಸಿನಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತು ಪೊಟ್ಟಣಗಳನ್ನೂ ಬ್ರೋಷರುಗಳನ್ನೂ ಡಿಸೈನ್ ಮಾಡುತ್ತಿದ್ದ ಕಾಲ ನೆನಪಿದೆಯಾ? ಹಪ್ಪಳದ ಪೊಟ್ಟಣಕ್ಕೆ 'ಅಜ್ಜಿಯ ಕೈರುಚಿ' ಎಂದು ಹೆಸರಿಟ್ಟು, ಇಂಟರ್ನೆಟ್ಟಿನಿಂದ ಒಬ್ಬ ನಗುವ ಅಜ್ಜಿಯನ್ನು ಎಳೆದು ತಂದು ಅಂಟಿಸಿದ ದಿನ ನಾನು ಕೇಳಿದೆ, ಈ ಹಪ್ಪಳ ಲಟ್ಟಿಸಿದವರು ಯಾರು ಎಂದು. ಮೆಷೀನು ಎಂದರು. ಹಾಗಾದರೆ ಅಜ್ಜಿ ಯಾಕೆ ಎಂದೆ. ಮ್ಯಾನೇಜರ್ ನಕ್ಕು, "ನಾಲ್ಕು ಕರಪತ್ರ ಓದ್ಕೊಂಡು ಬಂದ್ಬಿಡ್ತಾರೆ. ಮೊದ್ಲು ಬಣ್ಣ ತುಂಬಮ್ಮಾ" ಎಂದ. ನಾಲ್ಕಲ್ಲ, ನಾನು ಓದಿದ್ದು ಒಂದು ಟ್ರಂಕಿನಷ್ಟು. ಸಭೆಗಳ ಬಾಗಿಲಲ್ಲಿ ಹಂಚುವ, ಪಿನ್ನು ತುಕ್ಕು ಹಿಡಿದ ಪುಸ್ತಿಕೆಗಳು. ಅವುಗಳಿಂದ ನನಗೆ ಉಳಿದದ್ದು ಒಂದೇ ತಿಳಿವಳಿಕೆ: ದುಡಿದವರ ಕೈಯನ್ನು ಮರೆಮಾಡಿದ ಮೇಲೆಯೇ ಸರಕು ಮಾರಾಟಕ್ಕೆ ಹೊರಡುವುದು.

ಅವತ್ತು ಸಂಜೆ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುವಾಗ ನೀನೇ ಹೇಳಿದೆ, "ಬಿಟ್ಬಿಡೋಣ ಕಣೇ ಇಬ್ರೂ. ಏನ್ ಮಾಡಿದ್ರೂ ಕೈಯಲ್ಲೇ ಮಾಡೋಣ." ನಾನು ಬಿಟ್ಟೆ. ನೀನು ದೀಪಾವಳಿ ಕಳೆಯಲಿ ಎಂದೆ. ಆಮೇಲೆ ಸಂಕ್ರಾಂತಿ, ಆಮೇಲೆ ಯುಗಾದಿ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಭಾನುವಾರ ಬರುತ್ತಿದ್ದೆಯಲ್ಲ, ಅಷ್ಟು ಸಾಕಿತ್ತು.

ಕೆಲಸ ಬಿಟ್ಟು ಅಚ್ಚು ಕೆತ್ತಲು ಕೂತೆ. ರಬ್ಬರಿನಂಥ ಲಿನೋ ಹಾಳೆಯನ್ನು ಬಿಸಿಲಿಗಿಟ್ಟು ಮೆತ್ತಗಾದ ಮೇಲೆ ಉಳಿ ಹಾಕಬೇಕು, ಅಕ್ಷರವನ್ನು ಉಲ್ಟಾ ಕೆತ್ತಿದರೆ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ ಎಂಬುದನ್ನೆಲ್ಲ ನಾನು ಕಲಿತದ್ದು ತಪ್ಪು ಮಾಡಿಯೇ. ಮೊದಲ 'ಕ'ವನ್ನು ನೆಟ್ಟಗೆ ಕೆತ್ತಿ, ಅದು ತಿರುಗಿ ಅಚ್ಚಾದಾಗ ನೀನು, "ಸಖತ್ತಾಗಿದೆ ಗುರು, ಆಂಬುಲೆನ್ಸ್ ಮೇಲೆ ಬರೆಯೋಕೆ" ಎಂದೆ. ಅಮ್ಮ ಕೆಮ್ಮು ಬರುವಷ್ಟು ನಕ್ಕಳು. ಪ್ರೆಸ್ಸು ಇಲ್ಲದ್ದಕ್ಕೆ ಅವಳ ಸೌಟಿನ ಬೆನ್ನಿನಿಂದಲೇ ಕಾಗದ ಉಜ್ಜುತ್ತಿದ್ದೆ. ಮಸಿ ಮೆತ್ತಿದ ಸೌಟಿಗಾಗಿ ಇಬ್ಬರಿಗೂ ದಿನಾ ಜಗಳ.

ಆ ಚಳಿಗಾಲವೆಲ್ಲ ನಾನು ಬೀದಿಯ ಸಂಜೆ ಶಾಲೆಗೆಂದು ಅ ದಿಂದ ಳ ವರೆಗೆ ಅಕ್ಷರಮಾಲೆ ಕೆತ್ತಿದೆ. ಕೊನೆಯ ಳ ದ ಹೊಟ್ಟೆಯಲ್ಲಿ ಮಾತ್ರ ಒಂದು ಗೀರು ಉಳಿದುಹೋಯಿತು. ನೀನು ಒಂದು ಪ್ರತಿ ಒಯ್ದು ಸ್ಕ್ಯಾನ್ ಮಾಡಿದೆ. "ಇದು ಹಾಳಾದ್ರೆ ಒಂದು ಕಾಪಿ ಇರ್ಲಿ" ಎಂದೆ. ನಾನು ಥ್ಯಾಂಕ್ಸ್ ಬೇರೆ ಹೇಳಿದೆ.

ಕಳೆದ ತಿಂಗಳು ಬಸ್ಸಿನಲ್ಲಿ ಬರುತ್ತಿದ್ದೆ. ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಕಿಟಕಿಯಾಚೆ ಫ್ಲ್ಯಾಟುಗಳ ದೊಡ್ಡ ಜಾಹೀರಾತು: 'ಕೆರೆಯಂಗಳದಲ್ಲಿ ಕೈಯಾರೆ ಕಟ್ಟಿದ ಮನೆಗಳು, ಮನಗಳು.' ಕೆರೆಯಂಗಳ ಅಂದರೆ ನೀರು ನಿಲ್ಲುವ ಜಾಗ ಮಾರಾಯ, ಅದನ್ನು ಅವರಿಗೆ ಯಾರೂ ಹೇಳಲಿಲ್ಲವೇ ಎಂದು ನಗು ಬಂತು. ಆಮೇಲೆ ಅಕ್ಷರ ನೋಡಿದೆ. ನನ್ನ 'ಕ'. ನನ್ನ 'ಮ'. ಮೂರು ಕಡೆ ಳ, ಮೂರರ ಹೊಟ್ಟೆಯಲ್ಲೂ ಅದೇ ಬಿಳಿ ಗೀರು. ಕೈಯಲ್ಲಿ ಕೆತ್ತಿದ ಮೂರು ಳ ಮೂರು ಥರ ಇರುತ್ತವೆ, ಪ್ರಮೋದ್. ಉಳಿ ಒಂದೇ ಜಾಗದಲ್ಲಿ ಮೂರು ಸಲ ಜಾರುವುದಿಲ್ಲ.

ಅವತ್ತು ನಾನೇ ಫೋನ್ ಮಾಡಿ ಕೇಳಿದಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಫಾಂಟ್ ಮಾಡಿದೀನಿ ಅಷ್ಟೇ ಕಣೇ. ನಿನ್ ಹೆಸ್ರೇ ಇಟ್ಟಿದೀನಿ ಅದಕ್ಕೆ. ಇಡೀ ಊರು ನಿನ್ ಕೈ ನೋಡ್ತಿದೆ." ಆ ಗೀರನ್ನಾದರೂ ಯಾಕೆ ಉಳಿಸಿದೆ ಎಂದು ನಾನು ಕೇಳಿದೆ. "ಕ್ಲೈಂಟಿಗೆ ಅದೇ ಇಷ್ಟ ಆಗಿದ್ದು. ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗುತ್ತಲ್ಲ" ಎಂದೆ ನೀನು. ನಾನು ಫೋನ್ ಇಟ್ಟೆ.

ಹಪ್ಪಳದ ಅಜ್ಜಿಯನ್ನು ನೋಡಿ ನನ್ನ ಜೊತೆ ಸಿಟ್ಟಾಗಿದ್ದವನು ನೀನು. ಈಗ ನನ್ನನ್ನೇ ಆ ಅಜ್ಜಿ ಮಾಡಿದೆ. ನೀನು ಕೆಲಸ ಬಿಡದಿದ್ದದ್ದು ತಪ್ಪಲ್ಲ. ಕೇಳಿದ್ದರೆ ನಾನು ಇಲ್ಲ ಅನ್ನುತ್ತಿದ್ದೆ ಎಂದು ನಿನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅದು ತಪ್ಪು. ಆ ಫಾಂಟನ್ನು ವಾಪಸ್ ತಗೋ. ಬೋರ್ಡು ಇಳಿಸು. ಅದಾಗುವವರೆಗೆ ಮನೆಗೆ ಬರಬೇಡ. ಆದ ಮೇಲೆ ಬರಬಹುದೋ ಇಲ್ಲವೋ, ನನಗೇ ಗೊತ್ತಿಲ್ಲ.

ನಿನ್ನ ತಂಗಿ ಸಮನ್ವಿತಾಳ ಪರೀಕ್ಷೆ ಚೆನ್ನಾಗಿ ಆಗಲಿ. ನಿಮ್ಮಮ್ಮನ ಮಂಡಿನೋವು ವಾಸಿಯಾಗಲಿ. ನಿನಗೂ ಒಳ್ಳೆಯದಾಗಲಿ, ಇದನ್ನು ಕೋಪದಲ್ಲಿ ಬರೆಯುತ್ತಿಲ್ಲ.

ಇಂತಿ,
ಶಾಲಿನಿ

ತಾ.ಕ.: ಆ ಳ ನೋಡಿ ನೀನು "ಇದೊಂದನ್ನ ಮತ್ತೆ ಕೆತ್ತು" ಅಂದಿದ್ದೆ. ನಾನು ನಕ್ಕು ಮಾತು ತಿರುಗಿಸಿದ್ದೆ. ಅದು ನಾನು ಕೆತ್ತಿದ್ದಲ್ಲ. ಅಮ್ಮನಿಗೆ ಬರೆಯಲು ಬರುತ್ತಿದ್ದದ್ದು ತನ್ನ ಹೆಸರೊಂದೇ, ಗಾರ್ಮೆಂಟ್ಸಿನಲ್ಲಿ ಸಂಬಳಕ್ಕೆ ರುಜು ಹಾಕಲು ಕಲಿತದ್ದು: ಮಂಗಳಮ್ಮ. ಕೊನೆಯ ಅಕ್ಷರ ಕೆತ್ತಲು ಕೂತಾಗ ಪಕ್ಕಕ್ಕೆ ಬಂದು, "ಇದು ನನ್ ಹೆಸ್ರಲ್ಲಿರೋದಲ್ವೇನೇ? ನಂಗ್ ಕೊಡು" ಎಂದಳು. ಬಿಸಿಲಲ್ಲಿ ಕೂತು ಕೆತ್ತಿದಳು. ಉಳಿ ಜಾರಿತು. "ಹಾಳ್ ಮಾಡ್ಬಿಟ್ನಾ?" ಎಂದಳು. ಇಲ್ಲಮ್ಮ ಎಂದೆ. ಯಾರಿಗೂ ಹೇಳಬೇಡ, ನಿಂದೇ ಅಂದುಕೊಳ್ಳಲಿ ಎಂದಳು.

ಎಷ್ಟೋ ವರ್ಷ ಶರ್ಟು ಹೊಲಿದಳು. ಒಂದರ ಮೇಲೂ ಅವಳ ಕೈ ಕಾಣುತ್ತಿರಲಿಲ್ಲ. ಈಗ ಆ ಸಿಗ್ನಲ್ಲಿನಲ್ಲಿ ಮನೆಯೆತ್ತರ ಕಾಣುತ್ತಿದೆ, ಫ್ಲ್ಯಾಟು ಮಾರಲಿಕ್ಕೆ. ನಾನು ದಿನಾ ಸಂಜೆ ಬಸ್ಸಿಳಿದು ಅದರ ಕೆಳಗೆ ನಿಲ್ಲುತ್ತೇನೆ. ನೋಡಲಾಗುವುದಿಲ್ಲ. ಹೋಗದಿರಲೂ ಆಗುವುದಿಲ್ಲ.

ಮೇಲೆ ಬರೆದದ್ದರಲ್ಲಿ ಬದಲಾವಣೆ ಇಲ್ಲ, ಬೋರ್ಡು ಇಳಿಸು. ಇಳಿಸುವ ಹಿಂದಿನ ದಿನ ಮಾತ್ರ ನನಗೆ ತಿಳಿಸು. ಅಪ್ಪನಿಗೆ ಇನ್ನೂ ತೋರಿಸಿಲ್ಲ.